ಒಂದೇ ಎಂಜಿನ್‌ನ ತರಬೇತಿ ವಿಮಾನ ಆಕಾಶದಲ್ಲಿ ಕೈಕೊಟ್ಟರೆ? ಅದೂ ನಮ್ಮ ಕೊಡಗಿನ ಮೇಲಾದರೆ ಇಳಿಸೋದೆಲ್ಲಿ?

ಶ್ರೀಮಂಗಲ_ತೋಟ
ಅಕ್ಕನ ಮಗ ಕೂಡಿಗೆ ಸೈನಿಕ ಶಾಲೆಯಲ್ಲಿ ಓದಿದವನು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮುಗಿಸಿ ಈಗ ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿದ್ದಾನೆ. ಪಿಲಾಟಸ್ ಅನ್ನುವ ತರಬೇತಿ ವಿಮಾನ ಹಾರಿಸೋದು ಶುರುವಾಗಿದೆ. ಅವನಿಗೆ ಸಂಭ್ರಮ, ಅಕ್ಕನಿಗೆ ನಿದ್ದೆ ಇಲ್ಲ. 2023ರ ಡಿಸೆಂಬರ್ 4ರಂದು ಅದೇ ಅಕಾಡೆಮಿಯ ಪಿಲಾಟಸ್ ಮೇಡಕ್ ಜಿಲ್ಲೆಯಲ್ಲಿ ಬಿದ್ದು, ಕಲಿಸುವವರು ಕಲಿಯುವವರು ಇಬ್ಬರೂ ತೀರಿಕೊಂಡ ಸುದ್ದಿಯನ್ನು ಯಾರೋ ಅವಳ ಫೋನಿಗೆ ಕಳಿಸಿಬಿಟ್ಟಿದ್ದಾರೆ. ಈಗ ದಿನಾ ಒಂದೇ ಮಾತು: "ಇರೋದು ಒಂದೇ ಎಂಜಿನ್. ಅದು ನಿಂತರೆ ಹುಡುಗ ಏನು ಮಾಡ್ತಾನೆ?"

ತಿಳಿದವರು ನೇರವಾಗಿ ಹೇಳಿ. ಎಂಜಿನ್ ನಿಂತ ತಕ್ಷಣ ವಿಮಾನ ಬಿದ್ದೇ ಹೋಗ್ತದಾ? ಇಳಿಸೋದಾ, ಹೊರಗೆ ಹಾರೋದಾ ಅಂತ ಯಾರು ತೀರ್ಮಾನ ಮಾಡ್ತಾರೆ? ಇನ್ನೂ ಒಂದು ಉಂಟು. ಅಂಥ ವಿಮಾನ ನಮ್ಮ ಊರಿನ ಗದ್ದೆಗೇ ಬಂದು ಇಳಿದರೆ ನಾವು ಊರವರು ಮಾಡಬೇಕಾದ್ದೇನು, ಮಾಡಬಾರದ್ದೇನು?

ಹಾರಂಗಿ_ದಂಡೆ
ಮೊದಲು ಅಕ್ಕನ ಫೋನಿಗೆ ಅಂಥ ಸುದ್ದಿ ಕಳಿಸಿದವರ ನಂಬರ್ ಬ್ಲಾಕ್ ಮಾಡಿ.

ವಾರಂಟ್_ಕುಶಾಲನಗರ
ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತನಾದವನು ನಾನು. ಕಿರಣ್ ಅನ್ನುವ ಜೆಟ್ ತರಬೇತಿ ವಿಮಾನಗಳ ಮೇಲೇ ಹೆಚ್ಚು ಕೆಲಸ ಮಾಡಿದ್ದು.

ಬೀಳೋದಿಲ್ಲ ತಂಗಿ. ವಿಮಾನವನ್ನು ಎತ್ತಿ ಹಿಡಿಯೋದು ರೆಕ್ಕೆ. ಎಂಜಿನ್ ಕೊಡೋದು ವೇಗ. ಎಂಜಿನ್ ನಿಂತಾಗ ಮೂತಿ ಸ್ವಲ್ಪ ತಗ್ಗಿಸಿದರೆ ಇಳಿಜಾರಿನಿಂದಲೇ ವೇಗ ಸಿಗ್ತದೆ, ಎತ್ತರವನ್ನು ಖರ್ಚು ಮಾಡ್ತಾ ಮುಂದೆ ಸಾಗ್ತದೆ. ನಾಗರಿಕ ತರಬೇತಿಯಲ್ಲಿ ಎಲ್ಲರೂ ಕಲಿಯುವ ಸೆಸ್ನಾ 172 ತಗೊಳ್ಳಿ. ಒಂದು ಪಾಲು ಇಳಿದರೆ ಸುಮಾರು ಒಂಬತ್ತು ಪಾಲು ಮುಂದೆ ಹೋಗ್ತದೆ. ನೆಲದಿಂದ 5,000 ಅಡಿ ಮೇಲಿದ್ದರೆ ಗಾಳಿ ಇಲ್ಲದ ದಿನ 13 ಕಿಲೋಮೀಟರಿನಷ್ಟು ದೂರ ತಲುಪಬಹುದು. ಆರೇಳು ನಿಮಿಷ ಸಿಗ್ತದೆ. ಯೋಚನೆ ಮಾಡಲಿಕ್ಕೆ, ಎಂಜಿನ್ ಮತ್ತೆ ಚಾಲೂ ಮಾಡಿ ನೋಡಲಿಕ್ಕೆ, ರೇಡಿಯೋದಲ್ಲಿ ಹೇಳಲಿಕ್ಕೆ ಅಷ್ಟು ಸಾಕು.

ಪಿಲಾಟಸ್‌ನ ಎಂಜಿನ್ ಪಿಟಿ6 ಟರ್ಬೋಪ್ರಾಪ್, ಅಂದರೆ ಟರ್ಬೈನಿನಿಂದ ಪ್ರೊಪೆಲ್ಲರ್ ತಿರುಗಿಸುವಂಥದ್ದು. ಜಗತ್ತಿನಲ್ಲಿ ಅತಿ ಹೆಚ್ಚು ನಂಬಿಕೆ ಗಳಿಸಿದ ಎಂಜಿನ್‌ಗಳಲ್ಲಿ ಒಂದು. ಅದು ನಿಂತರೂ ಪ್ರೊಪೆಲ್ಲರ್ ಎಲೆಗಳನ್ನು ಗಾಳಿಗೆ ಅಂಚು ಕೊಡುವ ಹಾಗೆ ತಿರುಗಿಸಬಹುದು, ಆಗ ಎಳೆತ ಕಡಿಮೆಯಾಗಿ ಇನ್ನೂ ದೂರ ಹೋಗ್ತದೆ.

ಎಲ್ಲಕ್ಕಿಂತ ಮುಖ್ಯ, ಇದನ್ನು ಹುಡುಗರಿಗೆ ಮೊದಲಿನಿಂದಲೇ ಅರೆದು ಕುಡಿಸ್ತಾರೆ. ಪಿಎಫ್‌ಎಲ್ ಅಂತಾರೆ, ಪ್ರಾಕ್ಟೀಸ್ ಫೋರ್ಸ್ಡ್ ಲ್ಯಾಂಡಿಂಗ್. ಹಾರ್ತಾ ಇರುವಾಗಲೇ ಬೋಧಕರು ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಕೆ) ಹಿಂದಕ್ಕೆ ಎಳೆದು "ಎಂಜಿನ್ ಹೋಯ್ತು, ಏನು ಮಾಡ್ತೀಯ?" ಅಂತ ಕೇಳ್ತಾರೆ. ಹುಡುಗ ಜಾಗ ಹುಡುಕಬೇಕು, ಗಾಳಿಯ ದಿಕ್ಕು ನೋಡಬೇಕು, ಆರಿಸಿದ ಜಾಗದ ಮೇಲೆ ಹೈ ಕೀ, ಲೋ ಕೀ ಅಂತ ನಿಗದಿ ಮಾಡಿದ ಎತ್ತರಗಳಲ್ಲಿ ಸುತ್ತಿ ಬಂದು ಇಳಿಯುವ ಸಾಲಿಗೆ ತರಬೇಕು. ಇದು ಕೈಗೆ ಬರುವ ತನಕ ಒಬ್ಬನೇ ಹಾರಲಿಕ್ಕೆ ಬಿಡೋದೇ ಇಲ್ಲ.

ಕಾಫಿಕಣ
ಚಾಮರಾಜನಗರದಲ್ಲಿ ಆದದ್ದೂ ಇದೇ ಅಲ್ವಾ? ಕಿರಣ್ ವಿಮಾನ ಹೊಲದಲ್ಲಿ ಇಳಿಸಿ ಇಬ್ಬರೂ ಬದುಕಿ ಬಂದರು.

ಗುಂಡ್ಲುಪೇಟೆ_ರೋಡ್
ಇಳಿಸಿದ್ದಲ್ಲ ಅಣ್ಣ. 2023ರ ಜೂನ್ 1. ಬೆಂಗಳೂರಿನಿಂದ ಹೊರಟ ಕಿರಣ್, ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಹತ್ತಿರ ಬಿತ್ತು. ಒಳಗಿದ್ದ ಇಬ್ಬರೂ, ಒಬ್ಬರು ಪುರುಷ ಅಧಿಕಾರಿ ಇನ್ನೊಬ್ಬರು ಮಹಿಳಾ ಅಧಿಕಾರಿ, ಸೀಟು ಸಮೇತ ಹೊರಗೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದರು. ವಿಮಾನ ಬಯಲಿನಲ್ಲಿ ಉರಿದುಹೋಯ್ತು. ಊರವರಿಗೆ ಏನೂ ಆಗಲಿಲ್ಲ, ಅದು ದೊಡ್ಡ ಪುಣ್ಯ.

ನೀವು ಹೇಳೋದು ಬೆಳಗಾವಿಯದ್ದು ಇರಬೇಕು. ಅದೇ ವಾರ, ಮೇ 30ಕ್ಕೆ, ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟ ಒಂದು ಖಾಸಗಿ ತರಬೇತಿ ವಿಮಾನವನ್ನು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಸಿದರು. ಅದು ಸೇನೆಯದ್ದಲ್ಲ.

ಕಾಫಿಕಣ
ಸರಿ, ಆದರೆ ನನ್ನ ಪ್ರಶ್ನೆ ಹಾಗೇ ಉಳೀತು. ಬೆಳಗಾವಿಯಲ್ಲಿ ಇಳಿಸಲಿಕ್ಕೆ ಆದದ್ದು ಚಾಮರಾಜನಗರದಲ್ಲಿ ಯಾಕೆ ಆಗಲಿಲ್ಲ? ಅಲ್ಲೂ ಬಯಲೇ ಉಂಟಲ್ಲ.

ವಾರಂಟ್_ಕುಶಾಲನಗರ
ಯಂತ್ರ ಬೇರೆ. ಸಣ್ಣ ಪ್ರೊಪೆಲ್ಲರ್ ವಿಮಾನ ನೆಲ ಮುಟ್ಟುವಾಗ ಗಂಟೆಗೆ ನೂರು ಕಿಲೋಮೀಟರ್ ಆಸುಪಾಸು ಇರ್ತದೆ. ಜೆಟ್ ಅದಕ್ಕಿಂತ ಎಷ್ಟೋ ಹೆಚ್ಚು. ಆ ವೇಗದಲ್ಲಿ ಉಳುಮೆ ಮಾಡಿದ ಹೊಲಕ್ಕೆ ಇಳಿಸಿದರೆ ಒಂದು ಬದು ಸಾಕು, ಪಲ್ಟಿ. ಅದಕ್ಕೇ ಜೆಟ್‌ನಲ್ಲಿ ಹತ್ತಿರ ರನ್‌ವೇ ಸಿಗದಿದ್ದರೆ ಹೊರಗೆ ಹಾರು ಅನ್ನೋದೇ ಕಲಿಸುವ ಪಾಠ. ಕಿರಣ್‌ನಲ್ಲಿ ಪೈಲಟನ್ನು ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇತ್ತು, ಇಬ್ಬರೂ ಉಳಿದರು.

ಬಾಣೆ_ಹುಲ್ಲು
ಏನೇ ಹೇಳಿ ಸರ್, ಪೈಲಟ್ ಗಟ್ಟಿ ಇದ್ದರೆ ಯಾವ ವಿಮಾನವನ್ನೂ ಇಳಿಸ್ತಾನೆ. ಎಲ್ಲಾ ಕೈಚಳಕ.

ವಾರಂಟ್_ಕುಶಾಲನಗರ
ಈ ಮಾತನ್ನು ನಾನು ಒಪ್ಪೋದಿಲ್ಲ. ಇಂಥ ಮಾತಿನಿಂದಲೇ ತೀರಿಕೊಂಡವರ ಮೇಲೆ ತಪ್ಪು ಹೊರಿಸಿದ ಹಾಗಾಗ್ತದೆ.

ಎಚ್‌ಪಿಟಿ-32 ದೀಪಕ್ ನೆನಪುಂಟಾ? 1980ರ ದಶಕದಿಂದ ನಮ್ಮ ಹುಡುಗರೆಲ್ಲ ಮೊದಲ ಪಾಠ ಕಲಿತದ್ದು ಅದರಲ್ಲಿ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ್ದು, 260 ಅಶ್ವಶಕ್ತಿಯ ಪಿಸ್ಟನ್ ಎಂಜಿನ್, ಅಕ್ಕಪಕ್ಕ ಸೀಟು. ಇಜೆಕ್ಷನ್ ಸೀಟ್ ಇಲ್ಲ. ಹಾರ್ತಾ ಇರುವಾಗ ಎಂಜಿನ್ ಕಟ್ ಆಗುವ ತೊಂದರೆ ಅದಕ್ಕೆ ಮತ್ತೆ ಮತ್ತೆ ಬಂತು. ಎಂಜಿನ್ ಇಲ್ಲದೆ ತೇಲುವ ಗುಣವೂ ಕಡಿಮೆ, ಎತ್ತರ ಬೇಗ ಕಳೆದುಕೊಳ್ತಿತ್ತು. ಸರ್ಕಾರವೇ ಕೊಟ್ಟ ಲೆಕ್ಕ: 17 ಅಪಘಾತ, 19 ಪೈಲಟ್‌ಗಳ ಸಾವು. 2009ರ ಜುಲೈನಲ್ಲಿ ಮೇಡಕ್ ಜಿಲ್ಲೆಯಲ್ಲಿ ತೀರಿಕೊಂಡ ಇಬ್ಬರೂ ಹೊಸಬರಲ್ಲ, ಕಲಿಸುವ ಬೋಧಕರು. ಅವರಿಗಿಂತ ಗಟ್ಟಿ ಕೈ ಎಲ್ಲಿಂದ ತರ್ತೀರಿ? ಆಮೇಲೆ ಆ ವಿಮಾನ ಹಾರಿಸೋದನ್ನೇ ನಿಲ್ಲಿಸಿದರು. ಮೊದಲ ಪಾಠಕ್ಕೂ ಜೆಟ್ ಕಿರಣ್‌ಗಳನ್ನೇ ಬಳಸಬೇಕಾಯ್ತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂದು ಉಸಿರಾಡುವ ಹಾಗಾಯ್ತು.

ಹತ್ತೊಂಬತ್ತು ಜೀವ ಹೋಗುವ ತನಕ ಕಾಯಬಾರದಿತ್ತು. ಇದು ನನ್ನ ಖಚಿತ ಅಭಿಪ್ರಾಯ, ಎಲ್ಲಿ ಬೇಕಾದರೂ ಹೇಳ್ತೇನೆ.

ಸೋಮವಾರಪೇಟೆ_ಹುಡುಗ
ಈಗ ಎಚ್‌ಎಎಲ್‌ನದ್ದೇ ಎಚ್‌ಟಿಟಿ-40 ಬರ್ತಾ ಉಂಟಲ್ಲ ಸರ್. ಮೊದಲ ಹಾರಾಟ 2016ರ ಮೇ 31. 2023ರಲ್ಲಿ 70 ವಿಮಾನಕ್ಕೆ ಒಪ್ಪಂದ ಆಗಿದೆ. ಟರ್ಬೋಪ್ರಾಪ್, ಇಜೆಕ್ಷನ್ ಸೀಟ್ ಎಲ್ಲಾ ಉಂಟು. ದೀಪಕ್‌ನಿಂದ ಪಾಠ ಕಲಿತಿದ್ದಾರೆ ಅಂತಲೇ ನನ್ನ ನಂಬಿಕೆ.

ವಾರಂಟ್_ಕುಶಾಲನಗರ
ಕಲಿತಿದ್ದಾರೆ. ಹುಡುಗರ ಕೈಗೆ ಬೇಗ ಸಿಗಲಿ ಅನ್ನೋದೇ ನನ್ನ ಆಸೆ.

ಮಂದಲಪಟ್ಟಿ_ಜೀಪು
ಯಾರೂ ಎರಡನೇ ಪ್ರಶ್ನೆಗೆ ಬರಲಿಲ್ಲ. ಕೊಡಗಿನ ಮೇಲೆ ಎಂಜಿನ್ ನಿಂತರೆ ಇಳಿಸೋದೆಲ್ಲಿ? ನನಗೆ ತೋಚುವ ಜಾಗ: ಹಾಕಿ ಮೈದಾನಗಳು. ಪ್ರತಿ ಊರಲ್ಲೂ ಒಂದುಂಟು.

ಪುತ್ತರಿ_ಕದಿರು
ಹಾಕಿ ಮೈದಾನದ ಉದ್ದ 91 ಮೀಟರ್ ಚಿಲ್ಲರೆ ಅಷ್ಟೆ. ಸುತ್ತ ಸಿಲ್ವರ್ ಮರ, ಒಂದು ಬದಿಗೆ ಗ್ಯಾಲರಿ. ಮರ ದಾಟಿ ಒಳಗೆ ಬರುವಷ್ಟರಲ್ಲಿ ಮೈದಾನವೇ ಮುಗಿದಿರ್ತದೆ. ಪಂದ್ಯ ನಡೀತಿದ್ದರಂತೂ ಆ ಯೋಚನೆಯೇ ಬೇಡ.

ಮಂದಲಪಟ್ಟಿ_ಜೀಪು
ಹಾಗಾದರೆ ಬಿಟ್ಟಂಗಾಲದ ಗಾಲ್ಫ್ ಮೈದಾನ?

ಪುತ್ತರಿ_ಕದಿರು
ಏರುತಗ್ಗು. ಆದರೂ ಹಾಕಿ ಮೈದಾನಕ್ಕಿಂತ ವಾಸಿ.

ಜಕ್ಕೂರಲ್ಲಿ_ಕಲಿತವ
ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತವನು ನಾನು, ಊರು ವಿರಾಜಪೇಟೆ. ಊರಿಗೆ ಬರುವಾಗೆಲ್ಲ ಕಾರಿನ ಕಿಟಕಿಯಿಂದ ಇದನ್ನೇ ನೋಡ್ತೇನೆ: ಇಲ್ಲಿ ಎಂಜಿನ್ ನಿಂತರೆ ಎಲ್ಲಿ? ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದಲ ತೊಂದರೆ ಎತ್ತರದ ಲೆಕ್ಕ. ವಿಮಾನದಲ್ಲಿ ಎತ್ತರ ಅಳೆಯುವ ಮೀಟರ್ ತೋರಿಸೋದು ಸಮುದ್ರಮಟ್ಟದಿಂದ. ಮಡಿಕೇರಿಯೇ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್, ಅಂದರೆ 3,800 ಅಡಿ ಹತ್ತಿರ. ಮೀಟರಿನಲ್ಲಿ 6,000 ಅಡಿ ಅಂತ ಕಂಡರೂ ಮಡಿಕೇರಿಯ ಮೇಲೆ ಹಾರುವಾಗ ಕೆಳಗೆ ಉಳಿಯೋದು 2,200 ಅಡಿ. ವಾರಂಟ್ ಸರ್ ಹೇಳಿದ ಒಂಬತ್ತು ಪಾಲಿನ ಲೆಕ್ಕದಲ್ಲಿ ಆರು ಕಿಲೋಮೀಟರ್, ಮೂರು ನಿಮಿಷ. ತಡಿಯಂಡಮೋಳ್ ಕಡೆ ಹೋದರೆ ಶಿಖರವೇ 1,748 ಮೀಟರ್, 5,700 ಅಡಿ ದಾಟ್ತದೆ. ಅಲ್ಲಿ ನೂರು ಲೆಕ್ಕ ಹಾಕ್ತಾ ಕೂರಲಿಕ್ಕೆ ಸಮಯವೇ ಇಲ್ಲ.

ಎರಡನೆಯದು ತೋಟ. ಮೇಲಿಂದ ನೋಡಿದರೆ ಹಸಿರು ಹಾಸಿಗೆ ಹಾಸಿದ ಹಾಗೆ ಮೆತ್ತಗೆ ಕಾಣ್ತದೆ. ಒಳಗಿರೋದು ಕಾಫಿ ಗಿಡಕ್ಕೆ ನೆರಳು ಕೊಡುವ ಹಲಸು, ನಂದಿ, ಸಿಲ್ವರ್ ಮರಗಳು. ಬೇರೆ ದಾರಿಯೇ ಇಲ್ಲದಿದ್ದರೆ ಮರದ ತುದಿಗಳನ್ನೇ ನೆಲ ಅಂತ ತಿಳಿದು, ಆದಷ್ಟು ಕಡಿಮೆ ವೇಗದಲ್ಲಿ, ಮೂತಿ ಎತ್ತಿ ಕೂರಿಸು ಅಂತ ಕಲಿಸ್ತಾರೆ. ಆದರೆ ಅದು ಕೊನೆಯ ದಾರಿ.

ಮೂರನೆಯದು ತಂತಿ. ಕರೆಂಟ್ ತಂತಿ ಮೇಲಿಂದ ಕಾಣೋದೇ ಇಲ್ಲ. ಕಂಬ ಹುಡುಕು, ಕಂಬ ಕಂಡರೆ ಮಧ್ಯೆ ತಂತಿ ಉಂಟು ಅಂತ ತಿಳಿ ಅಂತ ನಮಗೆ ಹೇಳಿಕೊಡ್ತಿದ್ದರು. ನಮ್ಮ ಗದ್ದೆಗಳ ಮೇಲೆ ಅಡ್ಡಡ್ಡ ಎಷ್ಟು ಲೈನ್ ಹೋಗ್ತದೆ ನೋಡಿ. ಅಂಚಿಗೆ ಆನೆಗಾಗಿ ಹಾಕಿದ ಸೋಲಾರ್ ಬೇಲಿ ಬೇರೆ.

ಉಳಿದದ್ದು ಗದ್ದೆಬಯಲು. ಎರಡು ಗುಡ್ಡದ ನಡುವೆ ಉದ್ದಕ್ಕೆ ಹೋಗುವ ಬಯಲು ಕೊಡಗಿನಲ್ಲಿ ಬೇಕಾದಷ್ಟುಂಟು. ಅಲ್ಲಿಯೂ ಕಾಲ ನೋಡಬೇಕು. ಆಟಿ ತಿಂಗಳಲ್ಲಿ ನಾಟಿ ಆಗಿ ನೀರು ನಿಂತಿರುವಾಗ ಚಕ್ರ ಹೂತು ವಿಮಾನ ಮಗುಚ್ತದೆ. ಪಿಲಾಟಸ್ ತರಹ ಚಕ್ರ ಒಳಗೆ ಮಡಚುವ ವಿಮಾನವಾದರೆ ಚಕ್ರ ಬಿಡದೆ ಹೊಟ್ಟೆಯ ಮೇಲೆ ಜಾರಿಸಬಹುದು. ಪುತ್ತರಿ ಆಗಿ, ಕುಯ್ಲು ಮುಗಿದು, ಮಣ್ಣು ಒಣಗಿದ ಮೇಲೆ ಅದೇ ಗದ್ದೆ ಎಷ್ಟೋ ವಾಸಿ. ಆಗಲೂ ಮೆಟ್ಟಿಲು ಮೆಟ್ಟಿಲಾದ ಏರಿಗಳಿಗೆ ಅಡ್ಡವಾಗಿ ಬರಬಾರದು. ಸಾಧ್ಯವಾದರೆ ಇಳುಕಲಿನ ಕೆಳಗಿಂದ ಮೇಲಕ್ಕೆ ಇಳಿಸಬೇಕು, ಬೇಗ ನಿಲ್ತದೆ.

ನನ್ನನ್ನು ಕೇಳಿದರೆ, ಕೊಡಗಿನ ಪಶ್ಚಿಮಕ್ಕೆ ಎಂಜಿನ್ ನಿಂತರೆ ಮತ್ತು ಇಜೆಕ್ಷನ್ ಸೀಟು ಇದ್ದರೆ ಹೊರಗೆ ಹಾರಬೇಕು. ಪೂರ್ವಕ್ಕೆ, ಕುಶಾಲನಗರ, ಬೈಲುಕುಪ್ಪೆ ಕಡೆ ತಲುಪಲಿಕ್ಕೆ ಆದರೆ ಮಾತ್ರ ಇಳಿಸುವ ಯೋಚನೆ ಮಾಡಬಹುದು. ಅಲ್ಲಿ ನೆಲ ಚಪ್ಪಟೆ, ಜೋಳದ ಹೊಲಗಳುಂಟು.

ಬಾಣೆ_ಹುಲ್ಲು
ಬಾಣೆ ಜಾಗಗಳನ್ನು ಮರೆತಿರಿ. ಹುಲ್ಲುಗಾವಲು, ಮರ ಕಡಿಮೆ.

ಜಕ್ಕೂರಲ್ಲಿ_ಕಲಿತವ
ಇಳಿಜಾರು ಹೆಚ್ಚಣ್ಣ. ಮತ್ತೆ ಈಗ ಬಾಣೆಯಲ್ಲಿ ಬಾಣೆ ಎಲ್ಲಿ ಉಳಿದಿದೆ, ಎಲ್ಲಾ ಕಾಫಿ.

ಹಾರಂಗಿ_ದಂಡೆ
ಹಾರಂಗಿ ಜಲಾಶಯ?

ಜಕ್ಕೂರಲ್ಲಿ_ಕಲಿತವ
ನೀರಿಗಿಂತ ದಂಡೆಯ ಹತ್ತಿರದ ಬಯಲು ಒಳ್ಳೆಯದು. ಚಕ್ರ ಹೊರಗಿರುವ ವಿಮಾನ ನೀರು ಮುಟ್ಟಿದ ಕೂಡಲೇ ತಲೆಕೆಳಗಾಗುವ ಭಯ ಉಂಟು. ಒಳಗಿದ್ದವರು ತಲೆಕೆಳಗಾಗಿ ನೀರೊಳಗೆ ಬೆಲ್ಟ್ ಬಿಚ್ಚಬೇಕು.

ಕಾವೇರಿ_ತಟ
ಇದಕ್ಕೇ ನಾನು ಹೇಳೋದು, ಕುಶಾಲನಗರದ ಏರ್‌ಸ್ಟ್ರಿಪ್ ಬೇಗ ಆಗಬೇಕು. ಎಷ್ಟು ವರ್ಷದಿಂದ ಮಾತೇ ನಡೀತಿದೆ.

ಪುತ್ತರಿ_ಕದಿರು
ಯಾರಿಗೆ ಬೇಕು? ರೆಸಾರ್ಟಿನವರಿಗೆ. ಕಣ್ಣೂರು ವಿಮಾನ ನಿಲ್ದಾಣ 2018ರಲ್ಲೇ ಆಯ್ತು, ಮೈಸೂರಿನ ಮಂಡಕಳ್ಳಿ ಉಂಟು. ವಾರದ ಕೊನೆಗೆ ಬರುವ ಕಾರುಗಳೇ ನಮಗೆ ಹೊರೆ, ಇನ್ನು ವಿಮಾನ ಬೇರೆ.

ಕಾವೇರಿ_ತಟ
2018ರ ಮಳೆಯಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ದಾರಿಯೇ ಕೊಚ್ಚಿಹೋದಾಗ ನೀವು ಎಲ್ಲಿದ್ದಿರಿ ಅಣ್ಣ? ಸಾಮಾನು ತರಲಿಕ್ಕೆ, ಕಾಯಿಲೆಯವರನ್ನು ಸಾಗಿಸಲಿಕ್ಕೆ ಒಂದು ಪಟ್ಟಿ ನೆಲ ಇದ್ದಿದ್ದರೆ ಆಗ ಗೊತ್ತಾಗ್ತಿತ್ತು ಅದರ ಬೆಲೆ.

ಪುತ್ತರಿ_ಕದಿರು
ಆ ಮಳೆ ದಿನ ಆ ಮೋಡದಲ್ಲಿ ಯಾವ ವಿಮಾನ ಇಳೀತಿತ್ತು? ಹೆಲಿಪ್ಯಾಡ್ ಕೇಳಿ, ನಾನೂ ಸಹಿ ಹಾಕ್ತೇನೆ.

ಶ್ರೀಮಂಗಲ_ತೋಟ
ಏರ್‌ಸ್ಟ್ರಿಪ್ ಜಗಳಕ್ಕೆ ಬೇರೆ ಚರ್ಚೆ ತೆಗೀರಿ, ದಯವಿಟ್ಟು. ನನಗೆ ಹೊರಗೆ ಹಾರುವ ವಿಷಯ ಇನ್ನೂ ತಿಳಿಯಬೇಕು. ಊರ ಮೇಲೆ ಬೀಳುವ ವಿಮಾನವನ್ನು ಬಿಟ್ಟು ಹಾರೋದು ಸರಿಯಾ ಅಂತ ಅಕ್ಕನ ಯಜಮಾನರು ಕೇಳ್ತಾರೆ. ಅವರು ಹಳೇ ಸೇನೆಯವರು.

ಬಾಣೆ_ಹುಲ್ಲು
ಕೊನೆಯ ತನಕ ಹಿಡಿದು ಊರನ್ನು ಉಳಿಸಬೇಕು. ಕೊಡಗಿನವನಾದರೆ ಹಾಗೇ ಮಾಡ್ತಾನೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೋಡಿ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ಹಳೇ ಮಿಸ್ಟಿಯರ್ ವಿಮಾನ ಇಟ್ಟುಕೊಂಡು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ತಿರುಗಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಷ್ಟು ವರ್ಷ ಆದಮೇಲೆ.

ವಾರಂಟ್_ಕುಶಾಲನಗರ
ದೇವಯ್ಯನವರ ಹೆಸರು ಕೇಳಿದರೆ ನಾನು ಎದ್ದು ನಿಲ್ತೇನೆ. ಅದು ಯುದ್ಧ. ತರಬೇತಿ ಹಾರಾಟಕ್ಕೆ ಆ ಅಳತೆ ಹಿಡಿಯಬೇಡಿ.

ಅದೇ ಯುದ್ಧದಲ್ಲಿ, ಅದೇ ತಿಂಗಳ 22ಕ್ಕೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರ ಹಂಟರ್ ವಿಮಾನಕ್ಕೆ ಗುಂಡು ತಗುಲಿತು. ಅವರು ಹೊರಗೆ ಹಾರಿದರು, ಗಾಯವಾಯ್ತು, ಸೆರೆ ಸಿಕ್ಕಿದರು. ಬಿಡುಗಡೆಯಾಗಿ ಬಂದು ಮತ್ತೆ ಸೇವೆ ಮಾಡಿ ಏರ್ ಮಾರ್ಷಲ್ ಆದರು. ಹಾರಿದ್ದರಿಂದ ಅವರ ಮಾನಕ್ಕೆ ಏನಾದರೂ ಕಡಿಮೆ ಆಯ್ತಾ?

ಊರಿನ ಕಡೆಯಿಂದ ಮೂತಿ ತಿರುಗಿಸಿ ಬಯಲಿನತ್ತ ಬಿಡೋದನ್ನು ಕಲಿಸ್ತಾರೆ, ಅದನ್ನು ಮಾಡಿಯೇ ಹಾರ್ತಾರೆ. ಆದರೆ "ಇನ್ನೊಂದು ಕ್ಷಣ, ಇನ್ನೊಂದು ಕ್ಷಣ" ಅಂತ ಕಾದವರನ್ನು ನಾವು ಕಳೆದುಕೊಂಡಿದ್ದೇವೆ. ಈಗಿನ ಸೀಟುಗಳು ತೀರ ಕೆಳಗಿನಿಂದಲೂ ಕೆಲಸ ಮಾಡ್ತವೆ, ನಿಜ. ಆದರೆ ವಿಮಾನ ಓರೆಯಾಗಿದ್ದರೆ, ರಭಸದಿಂದ ಕುಸೀತಾ ಇದ್ದರೆ ಅದೇ ಸೀಟಿಗೆ ಹೆಚ್ಚು ಎತ್ತರ ಬೇಕು. ಅದಕ್ಕೇ ಹಾರಾಟಕ್ಕೆ ಹೊರಡುವ ಮೊದಲೇ, ನೆಲದ ಮೇಲೇ, ಇಷ್ಟು ಎತ್ತರಕ್ಕೆ ಬಂದರೆ ಹಾರೋದು ಅಂತ ನಿಗದಿ ಮಾಡಿಕೊಂಡಿರ್ತಾರೆ. ನಿಮ್ಮ ಭಾವನವರಿಗೆ ಹೇಳಿ: ವಿಮಾನ ಇನ್ನೊಂದು ಕಟ್ಟಬಹುದು. ಹುಡುಗ ವಾಪಸ್ ಬರಬೇಕು.

ಕುಶಾಲನಗರದ_ನರ್ಸಕ್ಕ
ಊರವರು ಏನು ಮಾಡಬೇಕು ಅನ್ನೋದಕ್ಕೆ ನಾನು ಬರೀತೇನೆ, ಉಳಿದದ್ದನ್ನು ಸರ್ ಸೇರಿಸಲಿ.

ಹೊರಗೆ ಹಾರಿ ಇಳಿದವರನ್ನು ಎತ್ತಿ ಕೂರಿಸಬೇಡಿ. ಸೀಟು ಮೇಲಕ್ಕೆ ಒದೆಯುವ ರಭಸಕ್ಕೆ ಬೆನ್ನುಮೂಳೆ ಮುರಿದಿರುವ ಸಾಧ್ಯತೆ ಉಂಟು. ಅವರು ಎದ್ದು ನಡೆದರೂ ಮಲಗಿಸಿ, ಕುತ್ತಿಗೆ ಅಲುಗಾಡದ ಹಾಗೆ ನೋಡಿಕೊಳ್ಳಿ. ನೀರು, ಕಾಫಿ ಕೊಡಬೇಡಿ, ಆಪರೇಷನ್ ಬೇಕಾಗಬಹುದು. ನಮ್ಮಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಇರೋದು ಕಷ್ಟ, ಆದರೂ ಬೇಡ. ಜೀಪಿನ ಹಿಂದೆ ಹಾಕಿಕೊಂಡು ಗುಂಡಿ ರಸ್ತೆಯಲ್ಲಿ ಓಡಿಸಬೇಡಿ. 112ಕ್ಕೆ ಮೊದಲು ಫೋನ್. ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ಒಬ್ಬ ಹುಡುಗನನ್ನು ಸಿಗ್ನಲ್ ಸಿಗುವ ಏರಿಗೆ ಓಡಿಸಿ. ಜಾಗದ ಗುರುತು ಹೇಳುವಾಗ ಮನೆ ಹೆಸರು ಹೇಳಿದರೆ ಮೈಸೂರಿನಿಂದ ಬರುವವರಿಗೆ ತಿಳಿಯೋದಿಲ್ಲ, ಲೊಕೇಶನ್ ಕಳಿಸಿ.

ವಾರಂಟ್_ಕುಶಾಲನಗರ
ಚೆನ್ನಾಗಿ ಹೇಳಿದಿರಿ. ವಿಮಾನದ ವಿಷಯ ನಾನು ಹೇಳ್ತೇನೆ. ಪೈಲಟ್ ಒಳಗೇ ಇದ್ದು ವಿಮಾನ ಗದ್ದೆಯಲ್ಲಿ ನಿಂತಿದ್ದರೆ, ಸೀಟು ಇನ್ನೂ ಸಿಡಿಯದೆ ಹಾಗೇ ಉಂಟು ಅಂತ ಅರ್ಥ. ಸೀಟಿನ ಕೆಳಗೆ ಸಿಡಿಮದ್ದು ಉಂಟು. ಹಳದಿ ಕಪ್ಪು ಪಟ್ಟೆಯ ಹಿಡಿಕೆ ಕಂಡರೆ ಕೈ ಹತ್ತಿರವೂ ಒಯ್ಯಬೇಡಿ. ಕಾಕ್‌ಪಿಟ್ ಪಕ್ಕ ಕೆಂಪು ತ್ರಿಕೋನದಲ್ಲಿ ಎಚ್ಚರಿಕೆ ಬರೆದಿರ್ತಾರೆ. ಪೈಲಟ್‌ಗೆ ಎಚ್ಚರ ಇದ್ದರೆ ಅವರು ಹೇಳಿದ ಹಾಗೆ ಮಾತ್ರ ಮಾಡಿ. ಹೊಗೆ ಬರ್ತಿದ್ದರೆ ಗಾಳಿ ಬರುವ ಬದಿಯಲ್ಲಿ, ಗಾಳಿಗೆ ಬೆನ್ನು ಹಾಕಿ ನಿಲ್ಲಿ, ಆ ಹೊಗೆ ಕುಡಿಯಬಾರದು. ಬೀಡಿ ಸಿಗರೇಟು ಆರಿಸಿ.

ಚೂರುಗಳನ್ನು ಮುಟ್ಟಬೇಡಿ, ನೆನಪಿಗೆ ಅಂತ ಮನೆಗೆ ಒಯ್ಯಬೇಡಿ. ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ವಾಯುಪಡೆಯದೇ ತನಿಖೆ ನಡೀತದೆ. ಒಂದು ಪೈಪು, ಒಂದು ಬೋಲ್ಟು ಬಿದ್ದ ಜಾಗದಿಂದ ಎಂಜಿನ್ ಯಾಕೆ ನಿಂತಿತು ಅಂತ ಕಂಡುಹಿಡೀತಾರೆ. ನೀವು ಎತ್ತಿಕೊಂಡು ಹೋದ ಆ ಬೋಲ್ಟೇ ಇನ್ನೊಬ್ಬ ಹುಡುಗನ ಜೀವ ಉಳಿಸಬೇಕಾದ್ದು ಇರಬಹುದು.

ಮಂದಲಪಟ್ಟಿ_ಜೀಪು
ಸೆಲ್ಫಿ ತೆಗೆಯುವವರನ್ನು ದೂರ ಇಡೋದೇ ದೊಡ್ಡ ಕೆಲಸ ಆಗ್ತದೆ. ಊರಿನ ನಾಲ್ಕು ಜನ ಹಗ್ಗ ಕಟ್ಟಿ ನಿಲ್ಲಬೇಕು.

ಶ್ರೀಮಂಗಲ_ತೋಟ
ಎಲ್ಲರಿಗೂ ಕೃತಜ್ಞತೆ. ಅಕ್ಕನಿಗೆ ಇಡೀ ಚರ್ಚೆ ಓದಿ ಹೇಳಿದೆ. ಪಿಎಫ್‌ಎಲ್ ವಿಷಯ ಕೇಳಿ ಅವಳೇ ಹುಡುಗನಿಗೆ ಫೋನ್ ಹಚ್ಚಿದಳು. "ಹೌದಮ್ಮ, ಅದನ್ನೇ ಮಾಡಿಸಿ ಮಾಡಿಸಿ ಸಾಕು ಮಾಡ್ತಾರೆ" ಅಂದನಂತೆ. ಭಯ ಪೂರ್ತಿ ಹೋಗಿಲ್ಲ, ಆದರೆ ಈಗ ಏನನ್ನು ಕೇಳಬೇಕು ಅಂತ ಅವಳಿಗೆ ಗೊತ್ತು. ನರ್ಸಕ್ಕ ಮತ್ತು ಸರ್ ಬರೆದದ್ದನ್ನು ನಮ್ಮ ಗ್ರಾಮದ ವಾಟ್ಸಾಪ್ ಗುಂಪಿಗೆ ಹಾಕಲಾ?

ಕುಶಾಲನಗರದ_ನರ್ಸಕ್ಕ
ಹಾಕಿ. 112 ಮತ್ತು "ಎತ್ತಿ ಕೂರಿಸಬೇಡಿ" ಇವೆರಡೂ ಮೊದಲ ಸಾಲಿನಲ್ಲಿರಲಿ. ಉದ್ದ ಬರೆದರೆ ಯಾರೂ ಕೆಳಗಿನ ತನಕ ಓದೋದಿಲ್ಲ.

ಕಾಫಿಕಣ
ಒಂದು ಉಳೀತು. ತೋಟಕ್ಕೆ ಬಿದ್ದು ಗಿಡ, ಮೆಣಸಿನ ಬಳ್ಳಿ ಹಾಳಾದರೆ ಬೆಳೆಗಾರ ಯಾರನ್ನು ಕೇಳೋದು?

ಪುತ್ತರಿ_ಕದಿರು
ಮೊದಲು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಪಹಣಿ ಸರಿಯಾಗಿರಲಿ, ಜಂಟಿ ಖಾತೆಯಾದರೆ ಎಲ್ಲರ ಸಹಿ ಬೇಕಾಗ್ತದೆ. ಹಗ್ಗದ ಹೊರಗಿನಿಂದಲೇ ಫೋಟೋ ತೆಗೆದಿಡಿ. ಕಂದಾಯದವರು ಮಹಜರು ಮಾಡುವಾಗ ಗಿಡದ ವಯಸ್ಸು, ನೆರಳಿನ ಮರ, ಬಳ್ಳಿ ಎಲ್ಲಾ ಬೇರೆ ಬೇರೆ ಬರೆಸಿ. ಮಳೆಹಾನಿಗೆ ಅರ್ಜಿ ಕೊಟ್ಟವರಿಗೆ ಇದರ ಅಭ್ಯಾಸ ಉಂಟು.